ಕಪ್ಪು ಬಟ್ಟೆಯೊಳಗೆ ತಲೆಕೆಳಗಾದ ನಂದಿ

ಚಿಂತಾಮಣಿಯಲ್ಲೋ ಗೌರಿಬಿದನೂರಿನಲ್ಲೋ ಎರಡು ಮೂರು ತಲೆಮಾರು ಬಾಳಿದ ಮನೆಯ ಟ್ರಂಕು ತೆಗೆಸಿ ನೋಡಿ. ತಳದಲ್ಲಿ ಒಂದು ಆಲ್ಬಮ್ ಸಿಕ್ಕೀತು: ಕಪ್ಪು ರಟ್ಟಿನ ಹಾಳೆ, ನಡುನಡುವೆ ಬೆಣ್ಣೆ ಕಾಗದ, ಫೋಟೊದ ಮೂಲೆ ಹಿಡಿದ ಪುಟಾಣಿ ಕಾಗದದ ಕಿವಿಗಳು. ಅದರೊಳಗೆ ಬಿಳಿ ಅಂಚಿನ, ಎರಡೂಕಾಲು ಇಂಚಿನ ಚೌಕ ಚಿತ್ರಗಳು. ನಾಮಕರಣ, ನಂದಿಬೆಟ್ಟದ ಪಿಕ್ನಿಕ್, ಹೊಸ ಸೈಕಲ್ಲಿಗೆ ಒರಗಿ ನಿಂತ ಚಿಕ್ಕಪ್ಪ. ಇಂಥ ಎಷ್ಟೋ ಚಿತ್ರಗಳನ್ನು ತೆಗೆದದ್ದು ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3 ಎಂಬ ಪ್ಲಾಸ್ಟಿಕ್ ಡಬ್ಬಿ. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು. ಬೆನ್ನಿನ ಕೆಂಪು ಕಿಟಕಿಯಲ್ಲಿ ನಂಬರು ನೋಡಿಕೊಂಡು ತಿರುಗಿಸಿದರೆ ಒಂದು ರೋಲಿಗೆ 12 ಚಿತ್ರ. ಮದುವೆಯಲ್ಲಿ ಹನ್ನೆರಡೂ ಮುಗಿದವೆಂದರೆ ಬೀಗರು ಎಷ್ಟು ಮುನಿಸಿಕೊಂಡರೂ ಇಲ್ಲ.

ಇವತ್ತು ‘ಮೀಡಿಯಂ ಫಾರ್ಮ್ಯಾಟ್’ ಎಂದ ಕೂಡಲೇ ಹಾಸಲ್‌ಬ್ಲಾಡ್, ರೋಲಿಫ್ಲೆಕ್ಸ್, 1969ರಲ್ಲಿ ಚಂದ್ರನ ಮೇಲೆ ಕ್ಲಿಕ್ಕಿಸಿದ ಕ್ಯಾಮೆರಾ ಎಂದೆಲ್ಲ ಮಾತು ಮೇಲಕ್ಕೇರುತ್ತದೆ. ಬೆಂಗಳೂರಿನ ಐಟಿ ಹುಡುಗರು ಶನಿವಾರ ನಸುಕಿನಲ್ಲಿ ನಂದಿಗೆ ಹತ್ತಿಸುವ ದುಬಾರಿ ಹವ್ಯಾಸ ಅದು ಎಂಬ ಭಾವನೆ. ಆದರೆ ನಮ್ಮ ಸೋದರಮಾವ ಕೊರಳಿಗೆ ತೂಗುಹಾಕಿಕೊಂಡು ತಿರುಗುತ್ತಿದ್ದ ಕ್ಲಿಕ್-3 ಕೂಡ ಅದೇ ಜಾತಿಯ ಕ್ಯಾಮೆರಾ. ಅಂಗಡಿಯ ಹಾಸಲ್‌ಬ್ಲಾಡ್, ರೋಲಿಫ್ಲೆಕ್ಸ್‌ಗೂ ಮಾವನ ಡಬ್ಬಿಗೂ ಹಾಕುವುದು ಒಂದೇ 120 ರೋಲು. ಕೊಡಾಕ್ ಕಂಪನಿ ಅದನ್ನು ತಂದದ್ದು 1901ರಲ್ಲಿ. ಇಂದಿಗೂ ಅದೇ ಅಗಲ, ಅದೇ ಕಪ್ಪು ಕಾಗದದ ಬೆನ್ನು. ಆ ಆಲ್ಬಮ್ಮಿನ ಚೌಕಗಳು ಹಿಗ್ಗಿಸಿದ ಪ್ರಿಂಟುಗಳೂ ಅಲ್ಲ. ನೆಗೆಟಿವ್ವನ್ನು ಕಾಗದದ ಮೇಲೆ ನೇರ ಒತ್ತಿ ತೆಗೆದ ಕಾಂಟ್ಯಾಕ್ಟ್ ಪ್ರಿಂಟುಗಳು. ಭೂತಗನ್ನಡಿ ಹಿಡಿದು ನೋಡಿದರೆ ಚಿಕ್ಕಪ್ಪನ ಜೇಬಿನ ಪೆನ್ನಿನ ಕ್ಲಿಪ್ಪು ಕಾಣುವುದು ಅದಕ್ಕೇ.

ಸ್ವಲ್ಪ ಲೆಕ್ಕ. ಆಮೇಲೆ ಮನೆಮನೆಗೆ ಬಂದ 35 ಮಿಲಿಮೀಟರ್ ರೀಲಿನ ಒಂದು ಚಿತ್ರದ ವಿಸ್ತೀರ್ಣ 864 ಚದರ ಮಿಲಿಮೀಟರ್. 120 ರೋಲಿನ ಚೌಕ ಚಿತ್ರದ್ದು ಸುಮಾರು 3,100. ಹಾಳೆಯಂತೆ ಬಿಡಿಬಿಡಿಯಾಗಿ ಬರುವ 4×5 ಇಂಚಿನ ಶೀಟ್ ಫಿಲ್ಮ್, ಅಂದರೆ ಲಾರ್ಜ್ ಫಾರ್ಮ್ಯಾಟಿನ ಸಾಮಾನ್ಯ ಅಳತೆ, 35 ಎಂಎಂಗಿಂತ 13 ಪಟ್ಟಿಗೂ ಹೆಚ್ಚು ದೊಡ್ಡದು. ಗೋಡೆಗೆ ಹಾಕಲು 12 ಇಂಚಿನ ಚೌಕ ಪ್ರಿಂಟು ಬೇಕೆಂದರೆ ಸಣ್ಣ ರೀಲನ್ನು ಹನ್ನೆರಡು ಪಟ್ಟಿಗೂ ಹೆಚ್ಚು ಎಳೆಯಬೇಕು. 120ರದ್ದನ್ನು ಐದೂವರೆ ಪಟ್ಟು ಎಳೆದರೆ ಸಾಕು. ಎಳೆದಷ್ಟೂ ಬೆಳ್ಳಿಯ ಕಣಗಳು ಎದ್ದು ಕಾಣುತ್ತವೆ, ಬೂದು ಬಣ್ಣದ ಮೆಟ್ಟಿಲುಗಳು ಒಡೆಯುತ್ತವೆ. ದೊಡ್ಡ ನೆಗೆಟಿವ್ವಿನಲ್ಲಿ ಕೆನ್ನೆಯ ಬೆಳಕು ನೆರಳಿಗೆ ಜಾರುವುದು ಎಲ್ಲಿ ಎಂದು ಬೆರಳಿಟ್ಟು ತೋರಿಸಲಾಗದು.

ಆದರೆ ಸ್ಪಷ್ಟತೆಗಾಗಿ ಫಿಲ್ಮು ಎನ್ನುವ ವಾದವನ್ನು ಡಿಜಿಟಲ್ ಸೋಲಿಸಿ ಬಹಳ ಕಾಲವಾಯಿತು. ಹತ್ತು ಕೋಟಿ ಪಿಕ್ಸೆಲ್‌ಗಳ ಕ್ಯಾಮೆರಾಗಳು ಅಂಗಡಿಯಲ್ಲಿ ಸಿಗುತ್ತವೆ. ಮಾವನ ಕ್ಲಿಕ್-3 ಅವುಗಳ ಮುಂದೆ ಬಾಯಿ ಬಿಡುವಂತಿಲ್ಲ. ಹಾಗಿದ್ದೂ ಮೂವತ್ತರ ಆಸುಪಾಸಿನವರು ಸಾಲ ಮಾಡಿಯಾದರೂ ಹಳೆಯ ಯಾಶಿಕಾ, ಮಮಿಯಾಗಳನ್ನು ಹುಡುಕಿ ಕೊಳ್ಳುತ್ತಿದ್ದಾರೆ. ಹಳೆಯ ಕಾಲದ ಹಂಬಲ ಎಂದು ತಳ್ಳಿಹಾಕುವುದು ಸುಲಭ. ಅವರಲ್ಲಿ ಹೆಚ್ಚಿನವರು ಆ ಕಾಲವನ್ನು ಕಂಡವರೇ ಅಲ್ಲ. ನನಗೆ ತೋಚುವ ಕಾರಣ ಬೇರೆ: ದೊಡ್ಡ ನೆಗೆಟಿವ್ ತೆಗೆಯುವವನಿಂದ ಮೊದಲೇ ಎಲ್ಲ ತೀರ್ಮಾನ ಕೇಳುತ್ತದೆ, ಕೇಳಿದ ಮೇಲೆ ಅವನು ಗಮನಿಸಿದ್ದಕ್ಕಿಂತ ಹೆಚ್ಚಿನದನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ.

ಬೆಟ್ಟದ ಬುಡದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರ ದೇಗುಲವಿದೆಯಲ್ಲ, ಅಲ್ಲಿ 4×5 ಕ್ಯಾಮೆರಾ ಹೂಡಿದರೆ ಏನಾಗುತ್ತದೆ ನೋಡೋಣ. ಸಂರಕ್ಷಿತ ಸ್ಮಾರಕವಾದ್ದರಿಂದ ಟ್ರೈಪಾಡ್ ಊರಬೇಕಿದ್ದರೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಬೇಕು. ಹಾಗೇ ಹೋದವರನ್ನು ಕಾವಲುಗಾರ ವಾಪಸು ಕಳಿಸುತ್ತಾನೆ. ಅನುಮತಿ ಸಿಕ್ಕಿತೆನ್ನಿ. ಒಳಗೆ ಕಪ್ಪು ಕಲ್ಲಿನ ಕಲ್ಯಾಣ ಮಂಟಪ, ದಂಪತಿ ದೇವತೆಗಳನ್ನು ಕೆತ್ತಿದ ನಾಲ್ಕು ಕಂಬ. ಟ್ರೈಪಾಡಿನ ಮೇಲೆ ಮರದ ಪೆಟ್ಟಿಗೆ ಬಿಚ್ಚಿ, ಹಾರ್ಮೋನಿಯಂ ತಿದಿಯಂಥ ಬೆಲ್ಲೋಸ್ ಎಳೆದು, 150 ಎಂಎಂ ಲೆನ್ಸ್ ಕೂರಿಸಿ, ಕಪ್ಪು ಬಟ್ಟೆಯನ್ನು ತಲೆಯ ಮೇಲೆ ಹೊದ್ದುಕೊಳ್ಳುತ್ತೀರಿ. ಹಿಂಬದಿಯ ಮಸುಕು ಗಾಜಿನ ಮೇಲೆ ಮಂಟಪ ಮೂಡುತ್ತದೆ, ತಲೆಕೆಳಗಾಗಿ, ಎಡಬಲ ಅದಲುಬದಲಾಗಿ. ಬೆಟ್ಟದ ತುದಿಯಿಂದ ತೆಗೆದರೂ ಅಷ್ಟೇ: ಆಕಾಶ ಕೆಳಗೆ, 1,478 ಮೀಟರ್ ಎತ್ತರದ ಬಂಡೆ ಮೇಲಿಂದ ಜೋತುಬಿದ್ದಿರುತ್ತದೆ.

ಮೊದಮೊದಲು ಗಲಿಬಿಲಿಯಾಗುತ್ತದೆ. ಆಮೇಲೆ ಅದೇ ಅನುಕೂಲ. ತಲೆಕೆಳಗಾದ ಕಂಬವನ್ನು ಕಣ್ಣು ‘ಕಂಬ’ ಎಂದು ಓದುವುದಿಲ್ಲ, ಕಪ್ಪು ಪಟ್ಟಿ ಎಂದು ಓದುತ್ತದೆ. ಆ ಪಟ್ಟಿಗೂ ಪಕ್ಕದ ಬಿಳಿಗೂ ಎಷ್ಟು ಜಾಗ ಎಂಬುದು ಆಗ ಕಾಣತೊಡಗುತ್ತದೆ. ಕಂಬದ ತುದಿ ಚೌಕಟ್ಟಿನೊಳಗೆ ಬರಲಿಲ್ಲವೆಂದು ಕ್ಯಾಮೆರಾ ಮೇಲಕ್ಕೆತ್ತಿದರೆ ಕಂಬಗಳು ಒಂದಕ್ಕೊಂದು ವಾಲಿಕೊಳ್ಳುತ್ತವೆ. ಮೊಬೈಲಿನಲ್ಲಿ ತೆಗೆದ ದೇವಸ್ಥಾನಗಳೆಲ್ಲ ಹಿಂದಕ್ಕೆ ಬೀಳುವಂತೆ ಕಾಣುವುದು ಇದರಿಂದಲೇ. ಈ ಬಗೆಯ ವ್ಯೂ ಕ್ಯಾಮೆರಾದಲ್ಲಿ ಹಿಂಬದಿಯನ್ನು ನೇರವಾಗಿ ನಿಲ್ಲಿಸಿ, ಲೆನ್ಸನ್ನು ಮಾತ್ರ ಅದರ ಹಲಗೆಯ ಸಮೇತ ಎರಡು ಬೆರಳು ಮೇಲಕ್ಕೆ ಸರಿಸಬಹುದು. ಕಂಬ ಕೆತ್ತಿದವನು ನಿಲ್ಲಿಸಿದ ಹಾಗೇ ನೆಟ್ಟಗೆ ನಿಲ್ಲುತ್ತದೆ. ಕಟ್ಟಡಗಳ ಫೋಟೊ ತೆಗೆಯುವವರು ಈ ಒಂದು ಸೌಲಭ್ಯಕ್ಕಾಗಿಯೇ ಇಂಥ ಪೆಟ್ಟಿಗೆಯನ್ನು ದಶಕಗಳ ಕಾಲ ಹೊತ್ತಿದ್ದಾರೆ.

ಇನ್ನು ಬೆಳಕು. ಮಂಟಪದೊಳಗಿನ ಕಪ್ಪು ಕಲ್ಲಿಗೂ ಹೊರಗಿನ ಅಂಗಳದ ಬಿಸಿಲಿಗೂ ಅಜಗಜಾಂತರ. ಬೆಳಕು ಅಳೆಯುವ ಮೀಟರನ್ನು ಕಂಬದ ಬುಡಕ್ಕೊಮ್ಮೆ, ಅಂಗಳದ ಹಾಸುಗಲ್ಲಿಗೊಮ್ಮೆ ಹಿಡಿಯಬೇಕು. ಎಫ್/22ಕ್ಕೆ ಲೆನ್ಸ್ ಕಿರಿದಾಗಿಸಿದರೆ ಮೀಟರ್ 30 ಸೆಕೆಂಡ್ ಎನ್ನುತ್ತದೆ ಎಂದಿಟ್ಟುಕೊಳ್ಳಿ. ಅದನ್ನು ನಂಬಿದರೆ ಕೆಟ್ಟಿರಿ. ಬೆಳಕು ತೀರಾ ಕಡಿಮೆಯಿದ್ದಾಗ ಫಿಲ್ಮು ಸೋಮಾರಿಯಾಗುತ್ತದೆ, ಸಮಯಕ್ಕೆ ತಕ್ಕ ಪ್ರತಿಕ್ರಿಯೆ ಕೊಡುವುದಿಲ್ಲ. ಇಲ್‌ಫರ್ಡ್ ಕಂಪನಿ ತನ್ನ ಎಚ್‌ಪಿ-5 ಫಿಲ್ಮಿಗೆ ಕೊಟ್ಟಿರುವ ಸೂತ್ರದ ಪ್ರಕಾರ ಆ 30 ಸೆಕೆಂಡು 86 ಸೆಕೆಂಡಾಗಬೇಕು. ಸುಮಾರು ಒಂದೂವರೆ ನಿಮಿಷ ಶಟರ್ ಬಾಯಿ ತೆರೆದೇ ಇರುತ್ತದೆ. ಅಷ್ಟರಲ್ಲಿ ಶಾಲಾ ಪ್ರವಾಸದ ಮಕ್ಕಳು ಮಂಟಪ ಸುತ್ತಿ ಹೋದರೆ ಒಬ್ಬರೂ ನೆಗೆಟಿವ್ವಿನಲ್ಲಿ ಉಳಿಯುವುದಿಲ್ಲ. ಕಂಬಕ್ಕೆ ಒರಗಿ ಜಪಕ್ಕೆ ಕೂತ ಅಜ್ಜಿ ಉಳಿಯುತ್ತಾಳೆ. ಅವಳು ಅಲ್ಲಿದ್ದದ್ದು ನೀವು ಗಮನಿಸಿಯೇ ಇರಲಿಕ್ಕಿಲ್ಲ.

ಹಾಳೆ ಫಿಲ್ಮಿನ ದೊಡ್ಡ ಅನುಕೂಲ, ಪ್ರತಿ ಹಾಳೆಯನ್ನೂ ಅದರದರ ಬೆಳಕಿಗೆ ತಕ್ಕಂತೆ ತೊಳೆಯಬಹುದು, ಅಂದರೆ ಡೆವಲಪ್ ಮಾಡಬಹುದು, ಎನ್ನುವುದು. ಅಮೆರಿಕದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಸುಮಾರಿಗೆ ಇದನ್ನು ‘ಜೋನ್ ಸಿಸ್ಟಮ್’ ಎಂಬ ಶಿಸ್ತಾಗಿ ಕಟ್ಟಿದರು. ಅದರ ತಿರುಳು ಇಷ್ಟೇ: ನೆರಳು ನೋಡಿ ಬೆಳಕು ಕೊಡು, ಬೆಳಕು ನೋಡಿ ತೊಳೆ. ಶಿಡ್ಲಘಟ್ಟದ ಕಡೆ ಇದನ್ನು ಅರ್ಥ ಮಾಡಿಸುವುದು ಬಲು ಸುಲಭ. ರೇಷ್ಮೆ ಹುಳು ಸಾಕುವ ಮನೆಯೊಳಗೆ ಮಬ್ಬು ಬೆಳಕು. ಅಲ್ಲಿನ ಹಾಳೆಯನ್ನು ಒಂದೆರಡು ನಿಮಿಷ ಹೆಚ್ಚು ತೊಳೆದರೆ ಸೊಪ್ಪಿಗೂ ಹುಳುವಿಗೂ ಭೇದ ಮೂಡುತ್ತದೆ. ಅದೇ ಬಿಳಿಯ ದ್ವಿತಳಿ ಗೂಡು ತುಂಬಿದ ಚಂದ್ರಿಕೆ ತಟ್ಟೆಯನ್ನು ಬಿಸಿಲಿಗೆ ತಂದಿಟ್ಟರೆ ಬಿಳಿಯ ಮೇಲೆ ಬಿಳಿ. ಮೊಬೈಲು ಅದನ್ನು ಸುಣ್ಣದ ಗೋಡೆ ಮಾಡಿಬಿಡುತ್ತದೆ. ಆ ಹಾಳೆಯನ್ನು ಬೇಗ ಎತ್ತಿಬಿಟ್ಟರೆ ಗೂಡಿನ ಸುತ್ತಲಿನ ನವಿರು ನೂಲು, ಗೂಡಿನ ನಡುವಿನ ಸಣ್ಣ ತಗ್ಗು, ಎರಡು ಗೂಡುಗಳ ನಡುವಿನ ನೆರಳು ಎಲ್ಲವೂ ಬಿಡಿಬಿಡಿಯಾಗಿ ನಿಲ್ಲುತ್ತವೆ. ರೋಲಿನಲ್ಲಿ ಈ ಸ್ವಾತಂತ್ರ್ಯವಿಲ್ಲ. ಹನ್ನೆರಡಕ್ಕೂ ಒಂದೇ ಸ್ನಾನ.

ಇದೆಲ್ಲ ವಿದೇಶದಿಂದ ಬಂದ ವಿದ್ಯೆ ಎನಿಸಿದರೆ ತಾಲ್ಲೂಕು ಕೇಂದ್ರಗಳ ಹಳೆಯ ಸ್ಟುಡಿಯೊಗಳನ್ನು ನೆನೆಯಿರಿ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿಗೂ ಬಂತು. ಸಣ್ಣ ಊರುಗಳು ಅದಕ್ಕಾಗಿ ಇನ್ನೂ ಕಾಯಬೇಕಾಯಿತು. ಕರೆಂಟಿಲ್ಲದ ಕಡೆ ಹಿಗ್ಗಿಸುವ ಯಂತ್ರವೂ ಇಲ್ಲ. ಪ್ರಿಂಟು ಎಷ್ಟು ದೊಡ್ಡದು ಬೇಕೋ ನೆಗೆಟಿವ್ವೂ ಅಷ್ಟೇ ದೊಡ್ಡದಿರಬೇಕು, ಕಾಗದಕ್ಕೆ ಒತ್ತಿ ಬಿಸಿಲಿಗಿಟ್ಟರೆ ಚಿತ್ರ. ಅದಕ್ಕೇ ಹಾಫ್ ಪ್ಲೇಟು, ಅಂದರೆ ನಾಲ್ಕೂಮುಕ್ಕಾಲು ಇಂಚಿಗೆ ಆರೂವರೆ ಇಂಚು. ಅದಕ್ಕೆ ತಕ್ಕ ಮರದ ಕ್ಯಾಮೆರಾ ನಮ್ಮಲ್ಲೇ ಸಿಗುತ್ತಿತ್ತು. ಕೇರಳದ ಆಲಪ್ಪುಳದಲ್ಲಿ 1940ರ ದಶಕದಲ್ಲಿ ಶುರುವಾದ ವಾಗೀಶ್ವರಿ ಕ್ಯಾಮೆರಾ ದೇಶದ ಸ್ಟುಡಿಯೊಗಳಿಗೆಲ್ಲ ಹೋಯಿತು. ಅದರ ಹಿನ್ನೆಲೆ ಸ್ವಾರಸ್ಯಕರ: ಆ ಕುಟುಂಬ ಹಾರ್ಮೋನಿಯಂ ರಿಪೇರಿ ಮಾಡುತ್ತಿತ್ತು. ತಿದಿ ಮಡಚಲು ಬಂದವರಿಗೆ ಬೆಲ್ಲೋಸ್ ಮಡಚುವುದೇನು ಕಷ್ಟ. ಕಾಗದ, ಫಿಲ್ಮುಗಳಿಗೆ ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಇತ್ತು, 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಾರ್ಖಾನೆ. ‘ಇಂದು’ ಹೆಸರಿನ ಅದರ ಡಬ್ಬಿಗಳನ್ನು ಕಂಡಿರದ ಸ್ಟುಡಿಯೊದವರು ಆ ತಲೆಮಾರಿನಲ್ಲಿ ವಿರಳ. ಈಗ ಕಾರ್ಖಾನೆ ಮುಚ್ಚಿದೆ.

ಸ್ಟುಡಿಯೊಗಳಲ್ಲಿ ಕನ್ನಡಿ, ಬಾಚಣಿಗೆಯ ಜೊತೆ ಪೌಡರ್ ಡಬ್ಬಿ ಯಾಕಿರುತ್ತಿತ್ತು ಎಂಬುದಕ್ಕೂ ರಸಾಯನದ ಕಾರಣವಿದೆ. ಹಳೆಯ ಆರ್ಥೋಕ್ರೊಮ್ಯಾಟಿಕ್ ಪ್ಲೇಟಿಗೆ ಕೆಂಪು ಕಾಣುವುದಿಲ್ಲ. ಕೆಂಪು ದೀಪದಡಿಯಲ್ಲೇ ಅದನ್ನು ತೊಳೆಯಬಹುದಿತ್ತು. ಕೆಂಪು ಕಾಣದ ಪ್ಲೇಟಿನಲ್ಲಿ ಕಂದು ಮೈಬಣ್ಣ ಇದ್ದದ್ದಕ್ಕಿಂತ ಹೆಚ್ಚು ಕಪ್ಪಾಗಿ ಬರುತ್ತಿತ್ತು, ಕುಂಕುಮ ಮಸಿಯಾಗುತ್ತಿತ್ತು. ವಧುವಿನ ಫೋಟೊ ವರನ ಮನೆಗೆ ಹೋಗಬೇಕಿದ್ದ ಕಾಲ; ಪೌಡರ್ ಹಚ್ಚಲೇಬೇಕು. ಉಳಿದದ್ದನ್ನು ಸ್ಟುಡಿಯೊದವನು ಚೂಪು ಪೆನ್ಸಿಲ್ಲಿನಿಂದ ನೆಗೆಟಿವ್ವಿನ ಮೇಲೆಯೇ ತಿದ್ದುತ್ತಿದ್ದ. ಸಿಡುಬಿನ ಕಲೆ ಮಾಯ, ಕಣ್ಣಡಿಯ ಕಪ್ಪು ಮಾಯ. ಹಾಫ್ ಪ್ಲೇಟಿನಲ್ಲಿ ಮುಖ ಹೆಬ್ಬೆರಳಗಲ ಇರುವುದರಿಂದ ಈ ಕೈಚಳಕ ಸಾಧ್ಯ. ಫಿಲ್ಟರ್ ಹಾಕಿ ಮುಖ ನುಣುಪು ಮಾಡುವುದು ನಮ್ಮ ಕಾಲದ ಚಾಳಿ ಎಂದು ಗೊಣಗುವ ಹಿರಿಯರು ತಮ್ಮ ಮದುವೆ ಫೋಟೊವನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಬೇಕು.

ದೊಡ್ಡ ನೆಗೆಟಿವ್ ತೆಗೆದವನು ಗಮನಿಸಿದ್ದಕ್ಕಿಂತ ಹೆಚ್ಚು ಇಟ್ಟುಕೊಳ್ಳುತ್ತದೆ ಎಂದೆನಲ್ಲ, ಅದಕ್ಕೆ ಕರ್ನಾಟಕದಲ್ಲೇ ಗಟ್ಟಿ ಸಾಕ್ಷಿಯಿದೆ. ಬೆಂಗಳೂರಿನಲ್ಲಿದ್ದ ಸೇನಾಧಿಕಾರಿ ಲಿನಿಯಸ್ ಟ್ರೈಪ್ 1854ರ ಕೊನೆಯಲ್ಲಿ ಹಳೇಬೀಡು, ಬೇಲೂರು, ಶ್ರವಣಬೆಳಗೊಳಗಳನ್ನು ಚಿತ್ರಿಸಿದ. ಮರುವರ್ಷ ಮದ್ರಾಸಿನ ಪ್ರದರ್ಶನದಲ್ಲಿ ಅವನ್ನು ತೂಗುಹಾಕಿದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಗೆ ಹೋದ. ಆಗಿನ ಒದ್ದೆ ಕೊಲೋಡಿಯನ್ ಗಾಜಿನ ವಿಧಾನದಲ್ಲಿ ಪ್ಲೇಟು ಒಣಗುವ ಮೊದಲೇ ಎಲ್ಲ ಮುಗಿಸಬೇಕು; ನಮ್ಮ ಬಿಸಿಲಿಗೆ ಅದು ಬಲು ಕಷ್ಟ. ಹಾಗಾಗಿ ಇಬ್ಬರೂ ಬಳಸಿದ್ದು ಮೇಣ ಹೀರಿಸಿದ ಕಾಗದದ ನೆಗೆಟಿವ್. ಮೊದಲೇ ಸಿದ್ಧಮಾಡಿ ಗಾಡಿಯಲ್ಲಿ ಒಯ್ಯಬಹುದಿತ್ತು. ಗ್ರೀನ್‌ಲಾನ ಒಂದೊಂದು ನೆಗೆಟಿವ್ ಸುಮಾರು 16×18 ಇಂಚು, ಮಗುವಿನ ತೊಟ್ಟಿಲಿನ ಹಾಸಿಗೆಯಗಲ. ಒಂದು ಶತಮಾನಕ್ಕೂ ಹೆಚ್ಚು ಕಾಲ ಅವು ಇಂಗ್ಲೆಂಡಿನಲ್ಲಿ ಮರೆವಿನಲ್ಲಿದ್ದು ಮತ್ತೆ ಬೆಳಕಿಗೆ ಬಂದವು. ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ 1980ರ ದಶಕದಲ್ಲಿ ದೊಡ್ಡ ಕ್ಯಾಮೆರಾ ಹೊತ್ತು ಹಂಪಿಗೆ ಬಂದು, ಗ್ರೀನ್‌ಲಾ ನಿಂತಲ್ಲೇ ನಿಂತು ಅವೇ ಚಿತ್ರಗಳನ್ನು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಕಂಡದ್ದೇನು? ವಿಠ್ಠಲ ದೇವಾಲಯದ ಕಲ್ಲಿನ ರಥಕ್ಕೆ 1856ರಲ್ಲಿ ಇಟ್ಟಿಗೆಯ ಗೋಪುರವಿತ್ತು. ಐವತ್ತು ರೂಪಾಯಿ ನೋಟಿನಲ್ಲಿ ನಾವು ನೋಡುವ ಬೋಳು ರಥ ಆಮೇಲಿನದು.

ಗೌರಿಬಿದನೂರಿನ ಬಳಿ ರೇಡಿಯೊ ದೂರದರ್ಶಕ ನಡೆಸುವ ಭಾರತೀಯ ಖಭೌತ ಸಂಸ್ಥೆಯದ್ದೇ ಇನ್ನೊಂದು ಉದಾಹರಣೆ. ಅದರ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ 1904ರಿಂದ ಸೂರ್ಯನ ಚಿತ್ರಗಳನ್ನು ಫೋಟೊ ಪ್ಲೇಟುಗಳ ಮೇಲೆ ಹಿಡಿದಿಡಲಾಗಿತ್ತು. ತೆಗೆದವರ ಕಲ್ಪನೆಯಲ್ಲೂ ಇರದ ಪ್ರಶ್ನೆಗಳಿಗೆ ಇಂದಿನ ವಿಜ್ಞಾನಿಗಳು ಆ ಪ್ಲೇಟುಗಳನ್ನು ಡಿಜಿಟಲ್ ಮಾಡಿ ಉತ್ತರ ಹುಡುಕುತ್ತಿದ್ದಾರೆ.

ಇಷ್ಟು ಹೇಳಿದ ಮೇಲೆ ನಂದಿಯ ಸುತ್ತಲಿನ ನಮ್ಮ ಜಿಲ್ಲೆಯಲ್ಲಿ ಈ ಹವ್ಯಾಸಕ್ಕಿರುವ ನಿಜವಾದ ತೊಡಕನ್ನೂ ಹೇಳಬೇಕು: ನೀರು. ಪೆನ್ನಾರ್, ಪಾಲಾರ್, ಅರ್ಕಾವತಿಗಳ ಮೂಲ ನಂದಿಯ ಸುತ್ತಮುತ್ತಲೇ ಎಂದು ಪಾಠದಲ್ಲಿ ಓದುತ್ತೇವೆ. ವರ್ಷವಿಡೀ ಹರಿಯುವ ಹೊಳೆ ಮಾತ್ರ ಒಂದೂ ಇಲ್ಲ. ಸಾವಿರ ಅಡಿ ದಾಟಿದ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಫಿಲ್ಮು ತೊಳೆದರೆ ಒಣಗಿದ ಮೇಲೆ ಸುಣ್ಣದ ಚುಕ್ಕೆ. ಡೆವಲಪರಿಗೂ ಕೊನೆಯ ಜಾಲಾಡಿಸುವಿಕೆಗೂ ಬ್ಯಾಟರಿ ನೀರೋ ಶುದ್ಧ ನೀರಿನ ಘಟಕದ ಕ್ಯಾನೋ ಬೇಕೇ ಬೇಕು. ನಲ್ಲಿ ತೆರೆದಿಟ್ಟು ಅರ್ಧ ಗಂಟೆ ತೊಳೆಯುವ ಹಳೆಯ ಪದ್ಧತಿ ಇಲ್ಲಿ ಅನ್ಯಾಯ. ಅದಕ್ಕೂ ಇಲ್‌ಫರ್ಡಿನವರ ಉಪಾಯವಿದೆ: ತೊಟ್ಟಿ ತುಂಬಿಸಿ ಐದು ಸಲ ಮಗುಚಿ ಚೆಲ್ಲಿ, ಮತ್ತೆ ತುಂಬಿಸಿ ಹತ್ತು ಸಲ, ಮತ್ತೆ ತುಂಬಿಸಿ ಇಪ್ಪತ್ತು ಸಲ. ಮೂರು ತೊಟ್ಟಿ ನೀರಲ್ಲಿ ಕೆಲಸ ಮುಗಿಯಿತು. ನೀರಿನ ಬಿಸಿಯೂ ತೊಡಕೇ: ಡಿ-76 ಡೆವಲಪರಿನಲ್ಲಿ ಎಚ್‌ಪಿ-5ಕ್ಕೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ಏಪ್ರಿಲ್ ತಿಂಗಳಲ್ಲಿ ನಮ್ಮ ಟ್ಯಾಂಕಿನ ನೀರು 30 ಡಿಗ್ರಿ ಇರುವಾಗ ಐಸ್ ಕವರನ್ನು ಬಕೆಟ್ಟಿಗೆ ಇಳಿಸದೆ ಗತಿಯಿಲ್ಲ. ಚಿತ್ರವನ್ನು ಸ್ಥಿರಗೊಳಿಸಲು ಬಳಸಿದ ಹೈಪೋ ದ್ರಾವಣದಲ್ಲಿ ಬೆಳ್ಳಿ ಕರಗಿರುತ್ತದೆ. ಅದನ್ನು ಮೋರಿಗೆ ಸುರಿಯಬೇಡಿ. ಬೆಂಗಳೂರಿನ ಸಂಸ್ಕರಿಸಿದ ನೀರು ತುಂಬಿಸಿಕೊಳ್ಳುತ್ತಿರುವ ನಮ್ಮ ಕೆರೆಗಳಿಗೆ ಅದೊಂದು ಬೇರೆ ಬೇಡ.

ದುಡ್ಡಿನ ಮಾತು ಚುಟುಕಾಗಿ. ಒಂದು ಕಪ್ಪುಬಿಳುಪು 120 ರೋಲಿಗೆ ಸಾವಿರ ರೂಪಾಯಿಯ ಆಚೀಚೆ, ಬಣ್ಣದ್ದಕ್ಕೆ ಅದಕ್ಕೂ ಮಿಗಿಲು, ಹಾಳೆ ಫಿಲ್ಮು ಇನ್ನೂ ತುಟ್ಟಿ. ಕೊಡಾಕ್ 2012ರಲ್ಲಿ ದಿವಾಳಿ ಅರ್ಜಿ ಹಾಕಿದರೂ ಫಿಲ್ಮು ನಿಲ್ಲಲಿಲ್ಲ. 2018ರಲ್ಲಿ ಕಪ್ಪುಬಿಳುಪು ನಿಲ್ಲಿಸಿದ ಫ್ಯೂಜಿ ಮರುವರ್ಷವೇ ಅಕ್ರಾಸ್ ರೋಲನ್ನು ವಾಪಸು ತಂದಿತು. ಮದುವೆ, ಸಭೆ, ಓಡುವ ಮಗು ಇವಕ್ಕೆಲ್ಲ ಮೊಬೈಲೇ ಸರಿ. ಕಲಿಯುವವರು ಮೊದಲು ದುಬಾರಿ ಪೆಟ್ಟಿಗೆ ಕೊಳ್ಳುವುದು ಮೂರ್ಖತನ. ಅಟ್ಟದ ಮೇಲಿನ ಕ್ಲಿಕ್-3 ಇಳಿಸಿ, ಲೆನ್ಸಿನ ಬೂಷ್ಟು ಒರೆಸಿ, ಶಟರ್ ಬಡಿಯುತ್ತದೋ ನೋಡಿ. ಈಗಿನ 120 ರೋಲು ಅದಕ್ಕೆ ಸಲೀಸಾಗಿ ಕೂರುತ್ತದೆ. ಇಂದಿನ ಫಿಲ್ಮುಗಳು ಕೆಂಪನ್ನೂ ಕಾಣುವುದರಿಂದ ಬೆನ್ನಿನ ಕಿಟಕಿಗೆ ಮಾತ್ರ ಕಪ್ಪು ಟೇಪು ಅಂಟಿಸಿ, ತಿರುಗಿಸುವಾಗಷ್ಟೇ ತೆಗೆಯಿರಿ.

ಇನ್ನೊಂದು ಕೆಲಸ ಇದಕ್ಕಿಂತ ತುರ್ತಿನದು. ನಮ್ಮ ಪೇಟೆಗಳ ಹಳೆಯ ಸ್ಟುಡಿಯೊಗಳು ಒಂದೊಂದೇ ಬಾಗಿಲು ಹಾಕುತ್ತಿವೆ. ಅಲ್ಲಿನ ಹಾಫ್ ಪ್ಲೇಟು ನೆಗೆಟಿವ್‌ಗಳು ಬೆಳ್ಳಿ ತೆಗೆಯುವವರಿಗೋ ಗುಜರಿಗೋ ಹೋಗುತ್ತವೆ. ಗಾಜಿನವಾದರೆ ತಿಕ್ಕಿ ತೊಳೆದು ಕಿಟಕಿಗೆ ಕೂರಿಸಿದ್ದೂ ಉಂಟು. ಅವುಗಳಲ್ಲಿ ನಿಮ್ಮ ಅಜ್ಜಿಯ ಮುಖದ ಹಿಂದೆ ಆಗಿನ ಬಜಾರಿನ ರಸ್ತೆಯಿರಬಹುದು, ತುಂಬಿದ ಕೆರೆಯಿರಬಹುದು. ಸ್ಟುಡಿಯೊ ನಡೆಸಿದವರ ಮಕ್ಕಳು ಗುರುತಿದ್ದರೆ ಹೋಗಿ ಕೇಳಿ. ಗಾಜಿನ ಪ್ಲೇಟುಗಳನ್ನು ಒಂದೊಂದಕ್ಕೂ ಬೇರೆ ಕಾಗದ ಸುತ್ತಿ ನಿಲ್ಲಿಸಿಡಿ, ಒಂದರ ಮೇಲೊಂದು ಹೇರಬೇಡಿ. ಫಿಲ್ಮು ನೆಗೆಟಿವ್ ವಿನೆಗರಿನ ವಾಸನೆ ಹೊಡೆಯುತ್ತಿದ್ದರೆ ಅದು ಕೊಳೆಯತೊಡಗಿದೆ. ಉಳಿದವುಗಳಿಂದ ದೂರ ಇಟ್ಟು ಅದನ್ನೇ ಮೊದಲು ಪ್ರತಿ ಮಾಡಿ. ಲ್ಯಾಮಿನೇಷನ್ ಬೇಡವೇ ಬೇಡ. ಸ್ಕ್ಯಾನರ್ ಇಲ್ಲದಿದ್ದರೆ ಲ್ಯಾಪ್‌ಟಾಪಿನ ಬಿಳಿ ಪರದೆಯಿಂದ ಒಂದು ಗೇಣು ಮೇಲೆ ನೆಗೆಟಿವ್ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದು, ಬಣ್ಣ ತಿರುಗಿಸಿದರೂ ಸದ್ಯಕ್ಕೆ ಸಾಕು. ಚಿತ್ರದಲ್ಲಿರುವವರು ಯಾರೆಂದು ಹೇಳಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಹೆಸರು, ಊರು, ವರ್ಷ ಬರೆಸಿಕೊಳ್ಳಿ.